ಗೋಡೆಯ ಮೇಲಿನ ಬೆಟ್ಟ

ನವೆಂಬರ್ 11, 2024, ಸೋಮವಾರ

ಇವತ್ತು ಐದನೇ ತರಗತಿಗೆ ಕಸುಬುಗಳ ಪಾಠ ಮಾಡಿದೆ. ಪುಸ್ತಕದಲ್ಲಿ ಕುಂಬಾರ, ಬಡಗಿ, ಅಂಚೆಯವನು, ಡಾಕ್ಟರು ಎಲ್ಲರ ಚಿತ್ರವೂ ಇದೆ. "ನಿಮ್ಮಪ್ಪ ಏನು ಮಾಡ್ತಾರೆ?" ಎಂದು ಕೇಳಿದೆ. ಮಕ್ಕಳೆಲ್ಲ ತಲೆ ತಗ್ಗಿಸಿದರು. ಕೊನೆಗೆ ಬಸವಯ್ಯನ ಮಗಳು ವರಲಕ್ಷ್ಮಿ ಎದ್ದು ನಿಂತು, "ಕೂಲಿ ಮಿಸ್" ಎಂದಳು. ಸುಳ್ಳು. ಅವಳಪ್ಪ ಹೆಜ್ಜೇನು ಇಳಿಸುವವನು. ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಜೋತುಬಿದ್ದು ಇಳಿಯುವ ಮನುಷ್ಯ. ಆ ಕಸುಬಿಗೆ ಪುಸ್ತಕದಲ್ಲಿ ಚಿತ್ರವಿಲ್ಲ. ಹಾಗಾಗಿ ಮಗಳ ಬಾಯಲ್ಲಿ ಅದಕ್ಕೆ ಹೆಸರೂ ಇಲ್ಲ!

ಕೈಲಾಂಚ ದಾಟಿ, ಕಾಡಿನಂಚಿನ ಈ ಇರುಳಿಗರ ಕಾಲೊನಿಯ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಜೂನ್‌ನಲ್ಲಿ ಬಂದೆ. ಅಂದಿನಿಂದ ನೋಡುತ್ತಲೇ ಇದ್ದೇನೆ. ಮಕ್ಕಳು ಚಪ್ಪಲಿಯ ಜೊತೆಗೆ ತಮ್ಮ ಕಾಡನ್ನೂ ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ನನ್ನ ಟ್ರಂಕಿನಲ್ಲಿರುವ ಕರಪತ್ರವೊಂದರಲ್ಲಿ ಹೀಗಿದೆ: "ಮಗುವಿನ ಊರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುವ ಶಾಲೆ, ಸೆರೆಮನೆ." ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಸಲ ಗೆರೆ ಎಳೆದಿದ್ದೇನೆ.

ಮುಖ್ಯೋಪಾಧ್ಯಾಯಿನಿ ಪುಟ್ಟಲಕ್ಷ್ಮಮ್ಮ ಮೇಡಂಗೆ ಇದನ್ನೆಲ್ಲ ಹೇಳಿದೆ. ಅವರು ಬಿಸಿಯೂಟದ ಅಕ್ಕಿ ಅಳೆಯುತ್ತಿದ್ದವರು ತಲೆ ಎತ್ತಲಿಲ್ಲ. "ಮೊದ್ಲು ಒತ್ತಕ್ಷರ ಮುಗ್ಸಮ್ಮ ಮಿಸ್ಬಾ. ಕ್ರಾಂತಿ ಆಮೇಲ್ ಮಾಡೀವಂತೆ."

ನಾನು ಬಿಡುವವಳಲ್ಲ.

ನವೆಂಬರ್ 14, ಗುರುವಾರ

ಶಾಲೆ ಬಿಟ್ಟ ಮೇಲೆ ಕಾಲೊನಿಗೆ ಹೋದೆ. ವರಲಕ್ಷ್ಮಿಯ ಅಜ್ಜಿ ಚಿನ್ನಮ್ಮ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಬಸವಯ್ಯ ಮತ್ತು ಅವನ ಹೆಂಡತಿಯ ತಮ್ಮ ತಿಮ್ಮೇಶ್ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾನು ನಿಂತೇ ಹೇಳಿದೆ: ಇನ್ನು ಮೇಲೆ ನಿಮ್ಮ ಕಾಡು, ನಿಮ್ಮ ಜೇನು, ನಿಮ್ಮ ಹಾಡು ಎಲ್ಲವೂ ಶಾಲೆಯಲ್ಲಿ ಪಾಠವಾಗುತ್ತದೆ.

ಚಿನ್ನಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕಾಡ ನಾವ್ ಕಲಿಸ್ತೀವಿ ಕಣವ್ವ ಟೀಚ್ರಮ್ಮ. ಅದ್ಕೆ ಇಸ್ಕೂಲ್ ಯಾಕೆ? ನೀನು ಇಂಗ್ಲೀಸ್ ಕಲ್ಸು. ಆಸ್ಪತ್ರೆ ಚೀಟಿ ಓದಂಗಾಗ್ಲಿ."

"ಇಲ್ಲ ಅತ್ತೆ," ಎಂದ ತಿಮ್ಮೇಶ್, "ಈ ಮಿಸ್ಸು ನಮ್ ಭಾವುನ್ನ ಇಸ್ಕೂಲ್ ಮಾಳಿಗೆಯಿಂದ ಇಳಿಸ್ತಾರಂತೆ. ಮಕ್ಳು ಕೆಳಗ್ ಕುಂತು ನೋಡಿ ಬರ್ಕಂತವಂತೆ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಂಡೆ ಇಳಿಯುವಾಗ ಮೇಲೆ ಹಗ್ಗ ಹಿಡಿಯುವವರು ಯಾರು ಎಂದು ಕೇಳಿದೆ.

"ಇನ್ಯಾರು, ನಾನೇ. ಹೆಂಡ್ತಿ ಕಡೆಯೋರೇ ಹಿಡೀಬೇಕು. ಒಡಹುಟ್ಟಿದೋನಾದ್ರೆ ಜಮೀನಿನ ಆಸೆಗೆ ಕೈ ಬುಟ್ರೂ ಬುಟ್ಟ. ನಾನ್ ಹೆಂಗ್ ಬುಡ್ಲಿ? ನಮ್ಮಕ್ಕನ್ ತಾಳಿ ಈ ಹಗ್ಗದಾಗೈತೆ."

"ಹಿಡ್ದೋನು ಮಾತಾಡಂಗಿಲ್ಲ, ಕೆಮ್ಮಂಗಿಲ್ಲ," ಎಂದ ಬಸವಯ್ಯ. ಆಮೇಲೆ ಮೀಸೆಯಲ್ಲೇ ನಕ್ಕು, "ನಿಮ್ ಕೈಗ್ ಕೊಟ್ರೆ ನನ್ ಕತೆ ಮುಗೀತು ಮಿಸ್ಸೇ. ಭಾಷ್ಣ ಮಾಡ್ತಾ ಮಾಡ್ತಾ ಕೈ ಬುಟ್ಬುಡ್ತೀರಿ."

ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ ಬಂದೆ. ಇಷ್ಟು ದೊಡ್ಡ ಸಂಗತಿ, ಒಂದು ಹಗ್ಗದಲ್ಲಿ ಇಡೀ ಕುಟುಂಬದ ನ್ಯಾಯ! ಇದು ಯಾವ ಪಠ್ಯದಲ್ಲಿದೆ? ತಮ್ಮ ಬೆಲೆ ತಮಗೇ ತಿಳಿಯದ ಹಾಗೆ ಇವರನ್ನು ಮಾಡಿಟ್ಟಿದ್ದಾರೆ. ತಿಳಿಸುವುದು ನನ್ನ ಕರ್ತವ್ಯ.

ನವೆಂಬರ್ 22, ಶುಕ್ರವಾರ

ಮೇಡಂ ಒಪ್ಪಿದರು. ರಸ್ತೆ ಕಡೆಯ ಗೋಡೆ ನಮ್ಮದು. ಅಲ್ಲಿ ಮಕ್ಕಳು 'ನಮ್ಮ ಕಾಡಿನ ನಕ್ಷೆ' ಬರೆಯುತ್ತಾರೆ. ಬಣ್ಣದ ಡಬ್ಬಿಗಳನ್ನು ರಾಮನಗರದಿಂದ ನಾನೇ ಹೊತ್ತು ತಂದೆ.

ಮಕ್ಕಳು ಮೊದಲು ಬರೆದದ್ದು ಶಾಲೆ, ಕಾಲೊನಿ, ಬೋರ್‌ವೆಲ್, ಹಾಲಿನ ಡೇರಿ, ಬಸ್ಸು. ಅದರಾಚೆ ಗೋಡೆ ಖಾಲಿ. "ಕಾಡೆಲ್ಲಿ?" ಎಂದೆ. ಒಬ್ಬರ ಮುಖ ಒಬ್ಬರು ನೋಡಿದರು. "ಗೊತ್ತಿಲ್ಲ ಮಿಸ್." ಮೂರು ವರ್ಷಕ್ಕೇ ಕಾಡು ಹೊಕ್ಕ ಮಕ್ಕಳು, ಗೊತ್ತಿಲ್ಲವಂತೆ! ನಾಚಿಕೆಯನ್ನು ಎಷ್ಟು ಆಳಕ್ಕೆ ಇಳಿಸಿದ್ದಾರೆ ಇವರೊಳಗೆ. ಕಾಡು ನಾಚಿಕೆಯಲ್ಲ, ಹೆಮ್ಮೆ ಎಂದು ಬಹಳ ಹೊತ್ತು ಹೇಳಿದೆ. ಯಾರೂ ಕುಂಚ ಎತ್ತಲಿಲ್ಲ.

ಕೊನೆಗೆ ವರಲಕ್ಷ್ಮಿಯನ್ನು ಹತ್ತಿರ ಕರೆದೆ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವಳು. ನನ್ನ ಹಾಗೆ ಎರಡು ಜಡೆ ಹಾಕಿಕೊಂಡು ಬರಲು ಶುರುಮಾಡಿದ್ದಾಳೆ. "ನಿಮ್ಮಪ್ಪನ ಬಂಡೆ ಇಲ್ಲದ ನಕ್ಷೆ ಸುಳ್ಳು ನಕ್ಷೆ. ನೀನು ಸುಳ್ಳು ಬರೀತೀಯಾ?" ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಕುಂಚ ತೆಗೆದುಕೊಂಡಳು.

ಅವಳು ಬರೆದ ಮೇಲೆ ಉಳಿದವರೂ ಬರೆದರು. ಗೆಣಸಿನ ಬಳ್ಳಿಯ ಜಾಗ, ಬೇಸಿಗೆಯಲ್ಲೂ ಬತ್ತದ ನೀರು, ಜೇನುಬಂಡೆ. ಬಂಡೆ ಇರುವುದು

(ಇಲ್ಲಿಂದ ಮುಂದಿನ ಸಾಲುಗಳನ್ನು ನಾನೇ ಮಸಿ ಬಳಿದು ಮುಚ್ಚಿದ್ದೇನೆ. ಮಾರ್ಚ್.)

ಡಿಸೆಂಬರ್ 3, ಮಂಗಳವಾರ

ನಕ್ಷೆ ಮುಗಿಯಿತು! ಎಷ್ಟು ಚೆಂದ! ಹೆಜ್ಜೇನಿನ ಹುಟ್ಟುಗಳನ್ನು ವರಲಕ್ಷ್ಮಿ ಅರ್ಧಚಂದ್ರದ ಹಾಗೆ, ಒಂದರ ಪಕ್ಕ ಒಂದು ತೂಗುಹಾಕಿದ್ದಾಳೆ. ಹಗ್ಗದಲ್ಲಿ ಅಪ್ಪ, ನೆತ್ತಿಯಲ್ಲಿ ಮಾವ.

ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಜಿಲ್ಲೆಯ ಶಿಕ್ಷಕರ ಗುಂಪಿಗೂ ಕಳಿಸಿದೆ. ಸಂಜೆಯೊಳಗೆ ಫೋಟೋ ಎಲ್ಲೆಲ್ಲಿಗೋ ಹೋಗಿತ್ತು. ಮಾಗಡಿಯಿಂದ ಯಾರೋ, ಚನ್ನಪಟ್ಟಣದಿಂದ ಯಾರೋ, ಹೆಸರೇ ಗೊತ್ತಿಲ್ಲದವರು ಮೆಚ್ಚಿದ್ದಾರೆ. ಒಬ್ಬರು "ನಿಜಕ್ಕೂ ಇಂಥ ಬಂಡೆ ಇದೆಯಾ ಮೇಡಂ? ಯಾವ ಕಡೆ?" ಎಂದು ಕೇಳಿದರು. ನಂಬದವರಿಗೆ ತಕ್ಕ ಉತ್ತರ ಕೊಡಬೇಕಲ್ಲ. ಬಸ್ಸಿನಲ್ಲಿ ಕೂತು, ದಾರಿಯನ್ನೂ ಸೇರಿಸಿ, ಉದ್ದಕ್ಕೆ ಮಾತಾಡಿ ಧ್ವನಿ ಸಂದೇಶ ಕಳಿಸಿದೆ.

ಮನೆಗೆ ಬಂದಾಗ ದಾದಿ, ಅಪ್ಪನ ತಾಯಿ, "ಇಷ್ಟು ನಗ್ತಾ ಇದ್ದೀಯಲ್ಲ, ಸಂಬಂಧ ಏನಾದ್ರೂ ಬಂತಾ?" ಎಂದಳು.

ಡಿಸೆಂಬರ್ 19, ಗುರುವಾರ

ಬಂಡೆಗೆ ಬೆಂಕಿ ಹಾಕಿದ್ದಾರೆ.

ಮಂಗಳವಾರ ರಾತ್ರಿ ಹೊರಗಿನವರು ಯಾರೋ ಗೂಡ್ಸ್ ಆಟೋ ತಂದು, ಟೈರಿಗೆ ಬೆಂಕಿ ಹಚ್ಚಿ ಜೇನುಹುಟ್ಟುಗಳಿಗೆಲ್ಲ ಉರಿ ಹಿಡಿಸಿ ಕೆಡವಿದ್ದಾರೆ. ಹೊಂಗೆ ಹೂವು ಉದುರುವವರೆಗೆ ಆ ಬಂಡೆಯನ್ನು ಯಾರೂ ಮುಟ್ಟುವುದಿಲ್ಲ. ಈಗ ಅದರಲ್ಲಿ ಜೇನುತುಪ್ಪವೇ ಇಲ್ಲ, ಬರೀ ಮರಿ. ಸಿಕ್ಕಿದ್ದು ಸಾಲದೆ ಎಲ್ಲವನ್ನೂ ಅಲ್ಲೇ ತುಳಿದು ಹೋಗಿದ್ದಾರಂತೆ. ಕಾಲೊನಿಯ ಗಂಡಸರು ನೆನ್ನೆಯಿಡೀ ಅಲ್ಲಿದ್ದು ಬಂದಿದ್ದಾರೆ. ಬಸವಯ್ಯನ ಮನೆಯಲ್ಲಿ ಒಲೆ ಹಚ್ಚಿಲ್ಲ.

ಲಾಭಕೋರರು! ಮಾರುಕಟ್ಟೆಗೆ ಕಣ್ಣಿಲ್ಲ ಎಂದು ಕರಪತ್ರಗಳಲ್ಲಿ ಓದಿದ್ದೆ, ಇವತ್ತು ಕಂಡೆ. ಕಾಡು ಕಾಯುವವರನ್ನು ಕಾಡುಗಳ್ಳರೆಂದು ಕರೆಯುವ ಸಮಾಜ, ನಿಜವಾದ ಕಳ್ಳರಿಗೆ ಅಂಗಡಿ ಇಟ್ಟುಕೊಡುತ್ತದೆ. ಇದರ ಬಗ್ಗೆ ನಾನೇ ಒಂದು ಕರಪತ್ರ ಬರೆಯುತ್ತೇನೆ.

ವರಲಕ್ಷ್ಮಿ ಶಾಲೆಗೆ ಬಂದಿರಲಿಲ್ಲ.

ಡಿಸೆಂಬರ್ 20, ಶುಕ್ರವಾರ

ಇವತ್ತೂ ಬರಲಿಲ್ಲ. ಯಾಕೆ ಎಂದು ಮಕ್ಕಳನ್ನು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಒಂದನೇ ತರಗತಿಯ ಪುಟ್ಟ ಹುಡುಗಿಯೊಂದು ಗೋಡೆ ಕಡೆ ಬೆರಳು ತೋರಿಸಿತು. ದೊಡ್ಡವರು ಅದರ ಕೈಯನ್ನು ಹಿಡಿದು ಕೆಳಗಿಳಿಸಿದರು.

ಡಿಸೆಂಬರ್ 21, ಶನಿವಾರ

ಧ್ವನಿ ಸಂದೇಶವನ್ನು ಮತ್ತೆ ಹಾಕಿ ಕೇಳಿದೆ.

ಬಸ್ಸಿನ ಸದ್ದು. ನನ್ನ ದನಿ ಎಷ್ಟು ಖುಷಿಯಾಗಿದೆ.

ಜನವರಿ 3, 2025, ಶುಕ್ರವಾರ

ಬಸವಯ್ಯನ ಮನೆಗೆ ಹೋಗಿ ಹೇಳಿದೆ. ಫೋಟೋ ಹಾಕಿದ್ದು ನಾನು, ದಾರಿ ಹೇಳಿದ್ದೂ ನಾನು, ಮಗುವಿನದು ತಪ್ಪಿಲ್ಲ. ಬಸ್ಸಿನಲ್ಲಿ ಬರುವಾಗ ಏನೇನೋ ಸಿದ್ಧ ಮಾಡಿಕೊಂಡಿದ್ದೆ. ಅಲ್ಲಿ ಬಂದದ್ದು ಇಷ್ಟೇ ಮಾತು.

ತಿಮ್ಮೇಶ್ ಎದ್ದು ಹೋದ. ಬಸವಯ್ಯ ಹಗ್ಗದ ಸುರುಳಿಯನ್ನು ಪಕ್ಕಕ್ಕಿಟ್ಟ. "ಅದು ನನ್ ಬಂಡೆಯಲ್ಲ ಮಿಸ್ಸೇ," ಎಂದ ಆಮೇಲೆ. "ನಮ್ ತಾತುಂದು. ನಾಳಿಕೆ ಇವಳ್ ಗಂಡುಂದು. ಯಾವನ್ ಕಟ್ಕಂತಾನೆ ಇವಳ್ನ ಈಗ, ಬಂಡೆ ಕಳ್ದೋಳು ಅಂತ ಮಾತಾಡ್ಕಂತಾವ್ರೆ."

ಹತ್ತು ವರ್ಷದ ಹುಡುಗಿ.

ಅವಳನ್ನು ಶಾಲೆಗೆ ಕಳಿಸಿ ಎಂದು ಕೇಳಿದೆ. "ಬ್ಯಾಡ," ಎಂದ. "ಇಸ್ಕೂಲಾಗ್ ಬಾಯಿ ಬುಡಾದ್ ಕಲಿಸ್ತೀರಿ. ನಮ್ಗೆ ಅದು ಆಗಕ್ಕಿಲ್ಲ. ಹೋಗಿ, ಬಸ್ ತಪ್ಪೋಯ್ತದೆ."

ಅವನು ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಕತ್ತಲಲ್ಲಿ ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ತಲೆ ಬಾಚಿರಲಿಲ್ಲ.

ಜನವರಿ 12, ಭಾನುವಾರ

ನನ್ನ ಅಪ್ಪ, ಅಬ್ಬು, ರೇಷ್ಮೆನೂಲು ತೆಗೆಯುವವರು. ಇವತ್ತು ಅವರ ಜೊತೆಗೆ ಯಾರೂ ಇರಲಿಲ್ಲ. ಗೂಡಿನ ಮಾರುಕಟ್ಟೆಗೆ ನಾನು ಹೋದೆ.

ರೈತರು ರೇಷ್ಮೆಗೂಡು ಸುರಿದಿದ್ದರು. ಅಬ್ಬು ಒಂದೊಂದೇ ರಾಶಿಯ ಬಳಿ ನಿಂತು, ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲುಗಿಸಿ ಮತ್ತೆ ಹಾಕುತ್ತಿದ್ದರು. ಒಂದು ರಾಶಿಯ ಮುಂದೆ ಮುಖ ಸಪ್ಪಗೆ ಮಾಡಿ, ತಲೆ ಆಡಿಸಿ ಮುಂದೆ ಹೋದರು. ಮೂಲೆಗೆ ಹೋಗಿ ಮೊಬೈಲಿನಲ್ಲಿ ಹರಾಜು ಕೂಗಿದ್ದು ಅದೇ ರಾಶಿಗೆ. ಸಿಕ್ಕಿತು. ಹಾಗೇಕೆ ಮಾಡಿದಿರಿ ಎಂದೆ. ಅವರು ನಮ್ಮ ಮನೆಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಇಷ್ಟವಾದದ್ದನ್ನು ಮುಖದ ಮೇಲೆ ಬರೆದುಕೊಂಡು ತಿರುಗಿದರೆ ಪಕ್ಕದವನು ಓದಿಬಿಡ್ತಾನೆ ಬೇಟಿ."

ಇಷ್ಟು ವರ್ಷ ಅದೇ ಗೂಡಿನ ಅನ್ನ ಉಂಡಿದ್ದೇನೆ. ಈ ಪಾಠ ಮಾತ್ರ ಕಲಿತಿರಲಿಲ್ಲ.

ಕರಪತ್ರ ಬರೆಯಲು ಕೂತೆ. ಮೊದಲ ಸಾಲೂ ಆಗಲಿಲ್ಲ.

ಜನವರಿ 20, ಸೋಮವಾರ

ಸುಣ್ಣ ಕಲಸಿಕೊಂಡು ಗೋಡೆಯ ಮುಂದೆ ನಿಂತಿದ್ದೆ. ಪುಟ್ಟಲಕ್ಷ್ಮಮ್ಮ ಮೇಡಂ ಓಡಿ ಬಂದು ಬಕೆಟ್ ಕಿತ್ತುಕೊಂಡರು. "ತಲೆ ಕೆಟ್ಟಿದೆಯೇನಮ್ಮ? ಮುಂದಿನ ತಿಂಗಳು ಹದಿಮೂರನೇ ತಾರೀಕು ಇಲಾಖೆ ಸಾಹೇಬ್ರು ಬರೋದೇ ಇದನ್ನ ನೋಡೋಕೆ. ಮಕ್ಕಳು ಕಮ್ಮಿ ಅಂತ ಈ ಶಾಲೇನ ಇನ್ನೊಂದಕ್ಕೆ ಸೇರಿಸೋ ಮಾತು ನಡೀತಿದೆ. ಈ ಗೋಡೆಯಿಂದ ಉಳಿದರೂ ಉಳೀತು."

"ಈ ಗೋಡೆಯಿಂದ ಒಂದು ಮಗು ಶಾಲೆ ಬಿಟ್ಟಿದೆ ಮೇಡಂ."

ಅವರು ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನಂಗೊತ್ತಿಲ್ವಾ?" ಎಂದರು. "ಎರಡು ಸಲ ಹೋಗಿದ್ದೆ ಅವರ ಮನೆಗೆ. ನಿನಗೆ ಹೇಳ್ಲಿಲ್ಲ ಅಷ್ಟೆ."

ಬಕೆಟ್ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಜನವರಿ 29, ಬುಧವಾರ

ಊಟದ ಹೊತ್ತಿಗೆ ಚಿನ್ನಮ್ಮ ಶಾಲೆಗೆ ಬಂದಳು. ಈವರೆಗೆ ಅವಳು ಶಾಲೆಯ ಗೇಟು ದಾಟಿದ್ದನ್ನು ನಾನು ನೋಡಿಲ್ಲ. ನಕ್ಷೆಯ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತಳು. ಮಗನ ಚಿತ್ರ ನೋಡಿ, "ಇಷ್ಟೊಂದ್ ಹೊಟ್ಟೆ ಇಲ್ಲ ನಮ್ ಬಸವುನ್ಗೆ," ಎಂದಳು.

ಮೇಡಂ ಒಪ್ಪದಿದ್ದರೂ ಸರಿ, ನಾನು ಇದನ್ನು ಅಳಿಸಿಬಿಡುತ್ತೇನೆ ಎಂದೆ.

"ಅಳಿಸ್ಬ್ಯಾಡ. ಅಳ್ಸಿದ್ ಜಾಗ ಕಂಡ್ರೇನೆ ಕಳ್ಳುನ್ಗೆ ಆಸೆ, ಇಲ್ಲೇನೋ ಇತ್ತು ಅಂತವ. ಇರ್ಲಿ. ಇನ್ನೂ ಒಸಿ ಜಾಸ್ತಿನೇ ಬರೀರಿ. ಎಲ್ಲಾನೂ ಇರ್ಲಿ, ಇರಾ ಜಾಗ್ದಾಗ್ ಮಾತ್ರ ಇರೋದ್ ಬ್ಯಾಡ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸುಳ್ಳು ನಕ್ಷೆ. ನಾನೇ ಆ ಮಗುವಿಗೆ ಆಡಿದ ಮಾತು.

"ಯಾರು ಬರೀತಾರೆ?" ಎಂದೆ.

ಚಿನ್ನಮ್ಮ ಹಿಂದೆ ತಿರುಗಿ ಗೇಟಿನ ಕಡೆ ಕೂಗಿದಳು. "ಬಾರೇ ಇಲ್ಲಿ, ಎಷ್ಟ್ ಹೊತ್ತು ಕಂಬುದ್ ಹಿಂದೆ ನಿಂತೀಯ? ನೀನೇ ತೋರ್ಸಿದ್ದು, ನೀನೇ ಬಚ್ಚಿಡು."

ವರಲಕ್ಷ್ಮಿ ಬಂದಳು. ನನ್ನ ಕಡೆ ನೋಡಲಿಲ್ಲ. ಕುಂಚ ಕೊಟ್ಟೆ. ಏನೋ ಹೇಳಬೇಕೆಂದು ಬಾಯಿ ತೆರೆದೆ. ಚಿನ್ನಮ್ಮ ನನ್ನ ಕೈ ಹಿಡಿದು ಎಳೆದು ಜಗಲಿಯ ಮೇಲೆ ಕೂರಿಸಿದಳು. "ನೀ ಸುಮ್ಕೆ ಕುಂತ್ಕ. ಹಗ್ಗ ಹಿಡ್ದೋರು ಮಾತಾಡಂಗಿಲ್ಲ."

ವರಲಕ್ಷ್ಮಿ ಮೊದಲು ಬಂಡೆಯನ್ನು ಹಸಿರಿನಿಂದ ಮುಚ್ಚಿದಳು. ಆಮೇಲೆ ಉಳಿದ ಮಕ್ಕಳು ಒಬ್ಬೊಬ್ಬರಾಗಿ ಊಟದ ತಟ್ಟೆ ಬಿಟ್ಟು ಬಂದರು. ತಮ್ಮ ಮಾತಿನಲ್ಲಿ ಪಿಸುಗುಡುತ್ತ, ಒಬ್ಬರನ್ನೊಬ್ಬರು ತಿವಿಯುತ್ತ, ಇಡೀ ಬೆಟ್ಟವನ್ನೇ ಎತ್ತಿ ಅತ್ತಿತ್ತ ಇಟ್ಟರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅವರು ಅಷ್ಟು ಮಾತಾಡಿದ್ದನ್ನು ನಾನು ಶಾಲೆಯಲ್ಲಿ ಕೇಳಿದ್ದೇ ಇಲ್ಲ.

ಸಂಜೆಯ ಹೊತ್ತಿಗೆ ಹೊಸ ಕಾಡು ಗೋಡೆ ತುಂಬ ನಿಂತಿತ್ತು. ಅದರಲ್ಲಿ ನಿಜ ಯಾವುದು ಎಂದು ನನಗೆ ತಿಳಿಯದು.

ಜನವರಿ 30, ಗುರುವಾರ

ವರಲಕ್ಷ್ಮಿ ಹಾಜರು.

ಫೆಬ್ರವರಿ 13, ಗುರುವಾರ

ಸಾಹೇಬರು ಬಂದರು, ಜೀಪಿನಲ್ಲಿ, ಫೋಟೋದವನ ಜೊತೆ. ಗೋಡೆ ನೋಡಿ ಬೆರಗಾದರು. ಜೇನುಬಂಡೆ ತೋರಿಸು ಎಂದು ವರಲಕ್ಷ್ಮಿಯನ್ನು ಕೇಳಿದರು. ಅವಳು ಕೋಲು ಹಿಡಿದು, ಡೇರಿಯ ಹಿಂದಿನ ಬೋಳುಗುಡ್ಡ ತೋರಿಸಿ, "ಇಲ್ಲಿ ಸಾರ್" ಎಂದಳು. ಅಲ್ಲಿ ಮೇಕೆಗೂ ಮೇವಿಲ್ಲ. ಮಕ್ಕಳೆಲ್ಲ ಪ್ರಾರ್ಥನೆಗೆ ನಿಂತ ಹಾಗೆ ಗಂಭೀರವಾಗಿ ನಿಂತಿದ್ದರು.

"ನೋಡಿ, ಪಾರಂಪರಿಕ ಜ್ಞಾನ!" ಎಂದರು ಸಾಹೇಬರು.

ಪುಟ್ಟಲಕ್ಷ್ಮಮ್ಮ ಮೇಡಂ ಕೆಮ್ಮು ಬಂದವರ ಹಾಗೆ ಒಳಗೆ ಹೋದರು. ಶಾಲೆಯನ್ನು ಈ ವರ್ಷ ಮುಟ್ಟುವುದಿಲ್ಲವಂತೆ, ಬಾಯಿಮಾತಿನಲ್ಲಿ ಹೇಳಿದ್ದಾರೆ. ನೋಡಬೇಕು.

ಸಂಜೆ ಚಿನ್ನಮ್ಮನ ಮನೆಯಲ್ಲಿ ದೊಡ್ಡವರಿಗೂ ಪಾಠ ಶುರುಮಾಡಿದೆ. ಆಸ್ಪತ್ರೆ ಚೀಟಿ, ಔಷಧದ ಡಬ್ಬಿ, ಇಂಗ್ಲಿಷ್ ಅಕ್ಷರ. ತಿಮ್ಮೇಶ್ ಬರಲಿಲ್ಲ. ಬಸವಯ್ಯ ಬಾಗಿಲಾಚೆ ಕೂತಿದ್ದ, ಒಳಗೆ ಬರಲಿಲ್ಲ. ಹೊರಡುವಾಗ ನೋಡಿದೆ, ಮಣ್ಣಿನ ಮೇಲೆ ಕಡ್ಡಿಯಲ್ಲಿ ಒಂದು ಇಂಗ್ಲಿಷ್ ಬಿ ಬರೆದಿತ್ತು.

ಮಾರ್ಚ್ 8, ಶನಿವಾರ

ರಂಜಾನ್ ಉಪವಾಸ, ರೋಜಾ ಹಿಡಿದಿದ್ದೇನೆಂದು ಹೇಳಿದರೂ ಚಿನ್ನಮ್ಮ ಬಿಡಲಿಲ್ಲ. "ಉಣ್ಣೋಕ್ ಕರೀಲಿಲ್ಲ, ಅಗೆಯೋಕ್ ಕರ್ದೆ." ಕಾಡುಗೆಣಸು ಅಗೆಯಲು ಹೋದೆವು. ಅವಳು, ವರಲಕ್ಷ್ಮಿ, ಇನ್ನೂ ಕೆಲವು ಮಕ್ಕಳು, ಕೊನೆಯಲ್ಲಿ ನಾನು. ಎಲ್ಲಿಗೆ ಎಂದು ಬರೆಯುವುದಿಲ್ಲ. ಫೋನನ್ನು ಶಾಲೆಯ ಬೀರುವಿನಲ್ಲಿಟ್ಟು ಹೋಗಿದ್ದೆ.

ಬಳ್ಳಿ ಒಣಗಿತ್ತು. ವರಲಕ್ಷ್ಮಿ ಅದನ್ನು ಬೆರಳಿನಿಂದ ಹಿಡಿದು ನೆಲದವರೆಗೆ ಹೋಗಿ, ಅಲ್ಲಿ ಅಗೆದಳು. ಮೊಳಕಾಲುದ್ದ ಗುಂಡಿ. ಗೆಣಸು ಸಿಕ್ಕಿದ ಮೇಲೆ ಬಳ್ಳಿಯ ತಲೆಯನ್ನು ಒಂದು ಹಿಡಿ ಗೆಣಸಿನ ಸಮೇತ ಕತ್ತರಿಸಿ ಮತ್ತೆ ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚಿದಳು. ಮೇಲೆ ಒಣ ಎಲೆ ಹರಡಿದಳು. ಅಲ್ಲಿ ಯಾರಾದರೂ ಅಗೆದಿದ್ದರೆಂದು ಗೊತ್ತಾಗುವಂತಿರಲಿಲ್ಲ.

ನಾನು ಮುಚ್ಚಿದ ಗುಂಡಿಯನ್ನು ಅವಳು ಎರಡು ಸಲ ಬಿಚ್ಚಿ ಮತ್ತೆ ಮುಚ್ಚಿದಳು. "ಗಟ್ಟಿಯಾಗ್ ತುಳೀಬಾರ್ದು ಮಿಸ್. ಉಸ್ರು ಕಟ್ತದೆ." ಬಂಡೆಗೆ ಬೆಂಕಿ ಬಿದ್ದ ಮೇಲೆ ಅವಳು ನನಗೆ ಆಡಿದ ಮೊದಲ ಉದ್ದದ ಮಾತು.

ಇಫ್ತಾರಿಗೆ ಬೇಯಿಸಿದ ಗೆಣಸು. ಅಬ್ಬು ಇನ್ನೊಂದು ಕೇಳಿ ಹಾಕಿಸಿಕೊಂಡರು. ಉಳಿದದ್ದನ್ನು ಸುತ್ತಿಡಲು ದಾದಿ ನನ್ನ ಟ್ರಂಕಿನಿಂದ ಯಾವುದೋ ಕಾಗದ ತೆಗೆದುಕೊಂಡಳು. ಯಾವುದೆಂದು ನೋಡಲಿಲ್ಲ.

ಮಲಗುವ ಮುಂಚೆ ಈ ಪುಸ್ತಕದ ಹಿಂದಿನ ಪುಟ ತೆಗೆದು ಕೆಲವು ಸಾಲುಗಳಿಗೆ ಮಸಿ ಬಳಿದೆ.

ಮಾರ್ಚ್ 29, ಶನಿವಾರ

ಈ ವರ್ಷದ ನನ್ನ ಕೊನೆಯ ದಿನ. ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಮೇಡಂ ಕರೆಸುತ್ತೇನೆ ಎಂದಿದ್ದಾರೆ. "ಕ್ರಾಂತಿ ಬಾಕಿ ಇದೆಯಲ್ಲಮ್ಮ," ಎಂದರು. ಒತ್ತಕ್ಷರ ಬಾಕಿ ಇದೆ ಎಂದೆ.

ಶಾಲೆಯ ಮುಂದಿನ ಹೊಂಗೆ ಹೂವು ಉದುರಿಸುತ್ತಿದೆ. ಗೋಡೆಯ ಮೇಲಿನ ಬಣ್ಣ ಬಿಸಿಲಿಗೆ ಸ್ವಲ್ಪ ಮಾಸಿದೆ. ತಿಮ್ಮೇಶ್ ಗೇಟಿನ ಬಳಿ ಸಿಕ್ಕಿದ. ಮಾತಾಡಿಸಲಿಲ್ಲ. ಆದರೆ ಮುಖ ತಿರುಗಿಸಿಕೊಂಡು ಹೋಗಲೂ ಇಲ್ಲ. ಅವನ ಹೆಗಲ ಮೇಲೆ ಹೊಸ ಹಗ್ಗದ ಸುರುಳಿ ಇತ್ತು.

ವರಲಕ್ಷ್ಮಿ ಬಸ್ ನಿಲ್ಲುವಲ್ಲಿಯವರೆಗೆ ಜೊತೆಗೆ ಬಂದಳು. ಎರಡು ಜಡೆ ಹಾಕಿಕೊಂಡಿದ್ದಳು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ನನ್ನ ಕೈ ಜಗ್ಗಿ ಬಗ್ಗಿಸಿಕೊಂಡು, ಕಿವಿಯಲ್ಲಿ ಒಂದು ಮಾತು ಹೇಳಿದಳು. ಅವಳಪ್ಪ, ಮಾವ ಬೆಳಿಗ್ಗೆ ಬಂಡೆಯ ಹತ್ತಿರ ಹೋಗಿ ನೋಡಿಕೊಂಡು ಬಂದ ಸಂಗತಿ.

"ಯಾರ್ಗೂ ಹೇಳ್ಬ್ಯಾಡಿ ಮಿಸ್."

ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿಕೊಂಡು ಕೂತೆ. ಕೈಲಾಂಚದಲ್ಲಿ ಹತ್ತಿದ ಹೆಂಗಸೊಬ್ಬಳು ಹಾಲಿನ ಕ್ಯಾನನ್ನು ಕಾಲ ನಡುವೆ ಇಟ್ಟುಕೊಂಡು ನನ್ನನ್ನೇ ನೋಡಿದಳು. "ಏನವ್ವ, ಒಬ್ಳೇ ನಗ್ತಾ ಇದ್ದೀಯ? ಏನ್ ಅಂತಾ ಸಮಾಚಾರ?"

ಮುಖ ಸಪ್ಪಗೆ ಮಾಡಿಕೊಂಡೆ.

"ಏನಿಲ್ಲ," ಎಂದೆ.